ಒಜೆಲಾಳ ಕೊಳಕ್ಕೆ ಹೊಸ ಚಕ್ರ

ಹೋಸಿಯಾ ಟಿಲ್ಮನ್ ತೀರಿಕೊಂಡ ಮೇಲೆ ಅವನ ಅಕ್ಕ ಮಾಡೀನಳ ಕನಸಿನಲ್ಲಿ ಬಂದ, ಚರ್ಚಿನ ಪಾದ್ರಿಯ ಕನಸಿನಲ್ಲಿ ಬಂದ, ತಿಂಗಳಿಗೊಮ್ಮೆ ಅವನ ಕೂದಲು ಕತ್ತರಿಸುತ್ತಿದ್ದ ಬೆಲ್ಜೋನಿ ಪಟ್ಟಣದ ಕ್ಷೌರಿಕನ ಕನಸಿಗೂ ಬಂದು ಹೋದನಂತೆ. ಹೆಂಡತಿ ಒಜೆಲಾಳ ಕನಸಿಗೆ ಮಾತ್ರ ನಾಲ್ಕು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹೋದವರು ಒಮ್ಮೆ ಬಂದು ಮುಖ ತೋರಿಸಿ, ಚೆನ್ನಾಗಿದ್ದೇನೆ ಎಂದು ಹೇಳಿ ಹೋಗುವುದು ವಾಡಿಕೆ. ಬರದಿದ್ದರೆ ಗಂಡ ಹೆಂಡತಿಯ ನಡುವೆ ಏನೋ ಮುನಿಸು ಉಳಿದಿತ್ತು ಎಂದೇ ಜನ ಅಂದುಕೊಳ್ಳುತ್ತಾರೆ.

ಮುನಿಸೂ ಇಲ್ಲ, ಮಣ್ಣೂ ಇಲ್ಲ. ಕನಸು ಬೀಳಬೇಕಾದರೆ ಮೊದಲು ನಿದ್ದೆ ಬರಬೇಕು. ಒಜೆಲಾಳಿಗೆ ನಿದ್ದೆಯೇ ಇರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಹೋಸಿಯಾ ತನ್ನ ಹತ್ತಿ ಹೊಲದ ಎಂಟು ಎಕರೆಗೆ ಸುತ್ತ ಏರಿ ಕಟ್ಟಿಸಿ, ನೀರು ತುಂಬಿಸಿ, ಕ್ಯಾಟ್‌ಫಿಶ್ ಮರಿ ಬಿಟ್ಟ. ಮೂವತ್ತು ಸಾವಿರ ಸಾಕು ಎಂದವರ ಮಾತಿಗೆ ಕಿವಿಗೊಡದೆ ಐವತ್ತು ಸಾವಿರ ಬಿಟ್ಟ. ಅತಿಯಾಸೆ ಗತಿಗೇಡು ಎಂದು ಮಾಡೀನ್ ಆಗಲೇ ಹೇಳಿದ್ದಳು. ಮೀನೇನೋ ಕೊಬ್ಬಿ ಬೆಳೆದವು, ಆದರೆ ಅಷ್ಟು ಬಾಯಿಗೆ ಉಸಿರು ಎಲ್ಲಿಂದ ತರುವುದು? ಹಗಲೆಲ್ಲ ನೀರಿನ ಹಸಿರು ಪಾಚಿ ಉಸಿರು ಕೊಡುತ್ತದೆ, ಕತ್ತಲಾದರೆ ಕೊಟ್ಟಿದ್ದನ್ನು ತಾನೇ ನುಂಗತೊಡಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಕೊಳದಲ್ಲಿ ಉಸಿರು ತಳ ಕಂಡಿರುತ್ತದೆ. ಆಗ ಯಾರಾದರೂ ಎದ್ದಿದ್ದು, ಉಸಿರು ಅಳೆಯುವ ಮೀಟರನ್ನು ನೀರಿಗಿಳಿಸಿ ನೋಡಿ, ಮುಳ್ಳು ನಾಲ್ಕಕ್ಕಿಂತ ಕೆಳಗಿದ್ದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಚಕ್ರವನ್ನು ತಿರುಗಿಸಬೇಕು. ಸುತ್ತಲೂ ಕಬ್ಬಿಣದ ಹಲಗೆ ಹೊಡೆದ ಆ ಚಕ್ರ ನೀರನ್ನು ಎತ್ತೆತ್ತಿ ಗಾಳಿಗೆ ಎಸೆಯುತ್ತದೆ. ಮೀನುಗಳು ಆ ನೊರೆಯ ಹತ್ತಿರ ಬಂದು ನಿಂತು ಸೂರ್ಯ ಹುಟ್ಟುವವರೆಗೆ ಜೀವ ಹಿಡಿದುಕೊಳ್ಳುತ್ತವೆ. ಒಂದು ರಾತ್ರಿ ತಪ್ಪಿದರೆ ಬೆಳಿಗ್ಗೆ ಕೊಳದ ತುಂಬ ಬಿಳಿ ಹೊಟ್ಟೆಗಳೇ.

ಗಂಡ ಹೆಂಡತಿ ಪಾಳಿ ಹಾಕಿಕೊಂಡು ಕಾದರು. ರಾತ್ರಿ ಒಂದರವರೆಗೆ ಅವಳು, ಆಮೇಲೆ ಬೆಳಗಿನವರೆಗೆ ಅವನು. ಅವಳು ಬೂಟು ಬಿಚ್ಚುವ ಹೊತ್ತಿಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದ. ಅವನು ಬಿಟ್ಟೆದ್ದ ಬಿಸಿ ಜಾಗದಲ್ಲಿ ಅವಳು ಮಲಗುತ್ತಿದ್ದಳು. ಚಳಿಗಾಲದಲ್ಲಿ ಮೀನಿಗೆ ಕಾವಲು ಬೇಡ, ಆಗ ಅವನು ಮೀನು ಕೊಯ್ಯುವ ಕಾರ್ಖಾನೆಯ ರಾತ್ರಿ ಪಾಳಿಗೆ ಹೋಗುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಒಂದೇ ಹೊತ್ತಿಗೆ ಒಂದೇ ಹಾಸಿಗೆಯಲ್ಲಿದ್ದರೆ ತಾನೇ ಆಗೋದು ಎಂದು ಚರ್ಚಿನ ಹೆಂಗಸರು ನಗುತ್ತಿದ್ದರು. ಒಜೆಲಾಳೂ ನಗುತ್ತಿದ್ದಳು, ಅವರಷ್ಟು ಜೋರಾಗಿ ಅಲ್ಲ.

ಅವನು ಹೋದ ಮೇಲೆ ಎರಡೂ ಪಾಳಿ ಅವಳದ್ದೇ ಆಯಿತು. ಗಂಟೆಗೊಮ್ಮೆ ಹೊಡೆದುಕೊಳ್ಳುವ ಗಡಿಯಾರ ತಲೆದೆಸೆಯಲ್ಲಿತ್ತು. ಚಳಿಗಾಲದಲ್ಲಾದರೂ ಮಲಗಬಹುದಿತ್ತು, ಆದರೆ ಒಗ್ಗಿಹೋದ ಕಣ್ಣು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಅರವತ್ತೊಂದನೆಯ ವಯಸ್ಸಿಗೆ ಅವಳು ಹಗಲಿನಲ್ಲೂ ಅರ್ಧ ನಿದ್ದೆಯಲ್ಲೇ ಓಡಾಡುತ್ತಿದ್ದಳು. ಮಾತಾಡುವವರ ಮುಖ ನೀರಿನೊಳಗಿಂದ ಕಂಡ ಹಾಗೆ ಕಾಣುತ್ತಿತ್ತು. ಪ್ರಾರ್ಥನೆಯ ನಡುವೆ ಮೀಟರಿನ ಮುಳ್ಳು ಕಣ್ಣ ಮುಂದೆ ಬರುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಮಾಡೀನ್ ಮತ್ತು ಅವಳು ಮನೆ ಮುಂದಿನ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ನಿನ್ನೆ ರಾತ್ರಿ ಮತ್ತೆ ಬಂದಿದ್ದ ಕಣೇ ಜೆಲ್ಲಾ,” ಎಂದಳು ಮಾಡೀನ್. “ಕಂದು ಟೋಪಿ ಹಾಕ್ಕೊಂಡಿದ್ದ. ನಾನು ಮಾಡಿದ ಪೀಚ್ ಹಣ್ಣಿನ ಕಡುಬು ಒಂದು ತಟ್ಟೆ ತಿಂದ. ಇನ್ನೊಂದು ತಟ್ಟೆ ಕೇಳ್ದ.”

“ನಿನ್ನ ಕಡುಬನ್ನ ಎರಡನೇ ಸಲ ಕೇಳಿದ್ನಾ? ಹಾಗಾದ್ರೆ ಅದು ಹೋಸಿಯಾ ಅಲ್ಲ ಬಿಡು.”

“ಹೊಟ್ಟೆಕಿಚ್ಚು ನಿಂಗೆ. ನಿನ್ನ ಹತ್ರಾನೂ ಬರ್ತಾನೆ. ನೀನು ಒಂದಿಷ್ಟು ಹೊತ್ತು ಕಣ್ಣು ಮುಚ್ಚಬೇಕಷ್ಟೆ.”

“ಮುಚ್ಚಿದ್ರೆ ಬರೀ ಮೀನೇ ಕಾಣೋದು.”

“ಮೀನು ಕನಸಿಗೆ ಬಂದ್ರೆ ಹತ್ತಿರದವರು ಯಾರೋ ಬಸುರಿ ಅಂತಾರೆ. ಐವತ್ತು ಸಾವಿರ ಮೀನು ಕಂಡು ಇಡೀ ಕೌಂಟಿನೇ ಬಸುರಿ ಮಾಡಿಟ್ಟೀಯ, ತಾಯಿ.”

ಒಜೆಲಾ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು. ಬಟ್ಟಲನ್ನು ಕೆಳಗಿಟ್ಟು, “ನಂಗೆ ಒಂದು ರಾತ್ರಿ ನಿದ್ದೆ ಬೇಕು ಮಾಡೀನ್. ಅವನನ್ನ ನೋಡ್ಬೇಕು,” ಎಂದಳು. ಮಾಡೀನ್ ಅವಳ ಬಟ್ಟಲಿನ ಕಾಯಿಯನ್ನೂ ತನ್ನ ಮಡಿಲಿಗೆ ಸುರಿದುಕೊಂಡು ಸುಲಿಯತೊಡಗಿದಳು.

ಮರುದಿನವೇ ಒಜೆಲಾ ಯಂತ್ರ ಮಾರುವ ಗ್ರೇಡಿ ಪೆಲ್‌ನನ್ನು ಕರೆಸಿದಳು. ಅಡುಗೆಮನೆಯ ಮೇಜಿನ ಮೇಲೆ ಅವನು ಚಿತ್ರಗಳನ್ನು ಹರಡಿದ. ಮೊದಲನೆಯದು ಕಾರಂಜಿ.

“ಇದು ಬ್ಯಾಂಕಿನ ಮುಂದೆ ಇಡೋದು ಕಣಪ್ಪ. ನನ್ನ ಮೀನಿಗೆ ಉಸಿರು ಬೇಕು, ಶೃಂಗಾರ ಅಲ್ಲ.”

ಗ್ರೇಡಿ ಎರಡನೆಯದನ್ನು ಮುಂದೆ ತಳ್ಳಿದ. ದಡದ ಮೇಲೊಂದು ಗಾಳಿಯ ಪಂಪು, ನೀರಿನ ತಳದ ತುಂಬ ಕೊಳವೆ, ಕೊಳವೆಯ ತುದಿಯಿಂದ ಗುಳ್ಳೆ. “ಈಗ ಎಲ್ಲರೂ ಇದನ್ನೇ ಕೇಳ್ತಿದ್ದಾರೆ, ಮಿಸ್ ಒಜೆಲಾ. ಸದ್ದೇ ಇಲ್ಲ,” ಎಂದ, ನಮ್ಮ ಕಡೆ ಹಿರಿಯ ಹೆಂಗಸರನ್ನು ಮಿಸ್ ಎಂದು ಕರೆಯುವ ಹಾಗೆ.

“ನನ್ನ ಕೊಳ ಎಷ್ಟು ಆಳ ಗೊತ್ತೇನು? ನನ್ನ ಎದೆಮಟ್ಟ. ಗುಳ್ಳೆ ತಳದಿಂದ ಹೊರಟು ನೀರನ್ನ ಹೇಗಿದ್ದೀಯ ಅಂತ ಕೇಳೋದ್ರೊಳಗೆ ಮೇಲೆ ಬಂದು ಒಡೆದು ಹೋಗುತ್ತೆ. ಆಳದ ಕೊಳಕ್ಕೆ ಸರಿ ಅದು. ಇಷ್ಟು ಮೀನು ತುಂಬಿರೋ ಕೊಳಕ್ಕೆ ಸಾಲಲ್ಲ. ಮತ್ತೆ ಮೀನು ಹಿಡಿಯೋಕೆ ಬಲೆ ಎಳೆದಾಗ ಆ ಕೊಳವೆ ಸಿಕ್ಕು ಬಿಡಿಸೋಕೆ ನಿಮ್ಮಮ್ಮ ಬರ್ತಾರಾ?”

ಮೂರನೆಯದು ಚಕ್ರವೇ. ಆದರೆ ಟ್ರ್ಯಾಕ್ಟರ್ ಬೇಡ. ನೀರಿನ ಮೇಲೆ ತೇಲುತ್ತದೆ, ಕರೆಂಟಿನಿಂದ ತಿರುಗುತ್ತದೆ, ಹತ್ತು ಕುದುರೆ ಬಲ. ಅದಕ್ಕೊಂದು ಮೀಟರು ಸದಾ ನೀರಿನಲ್ಲೇ ಮುಳುಗಿರುತ್ತದೆ.

“ಉಸಿರು ನಾಲ್ಕಕ್ಕಿಳೀತು ಅಂದ್ರೆ ತಾನೇ ಶುರುವಾಗುತ್ತೆ,” ಎಂದ ಗ್ರೇಡಿ. “ಯಾರೂ ಎದ್ದಿರೋದು ಬೇಡ. ನೀವು ಮಲಗಿರಬಹುದು.”

“ಇನ್ನೊಂದ್ಸಲ ಹೇಳು.”

“ನಾಲ್ಕಕ್ಕಿಳೀತು ಅಂದ್ರೆ—”

“ಅದಲ್ಲ. ಕೊನೇ ಮಾತು.”

“ನೀವು ಮಲಗಿರಬಹುದು, ಮಿಸ್ ಒಜೆಲಾ.”

ಅವಳು ಅದನ್ನೇ ಆರಿಸಿದಳು. ಆರಿಸಿದ್ದರಲ್ಲಿ ತಪ್ಪಿಲ್ಲ, ತುಂಬಿದ ಕೊಳಕ್ಕೆ ಚಕ್ರಕ್ಕಿಂತ ಮಿಗಿಲಾದ್ದು ಇಲ್ಲ ಎಂದು ನಾನೂ ಹೇಳುತ್ತೇನೆ. ತಪ್ಪಿದ್ದು ಜಾಗದಲ್ಲಿ. ಕರೆಂಟು ಕಂಬ ಇದ್ದದ್ದು ಕೊಳದ ದಕ್ಷಿಣಕ್ಕೆ, ಮನೆಯ ಕಡೆ. ಅಲ್ಲೇ ಇಟ್ಟರೆ ಸುಲಭ ಎಂದ ಗ್ರೇಡಿ. ಅದು ತಿರುಗುವ ಸದ್ದು ಹಾಸಿಗೆಗೆ ಕೇಳುತ್ತದೆ, ಧೈರ್ಯವಾಗಿ ಮಲಗಬಹುದು ಎಂದುಕೊಂಡಳು ಒಜೆಲಾ. ಟ್ರ್ಯಾಕ್ಟರಿಗೆ ಕಟ್ಟಿದ ಹಳೆ ಚಕ್ರ ಇಪ್ಪತ್ತಾರು ವರ್ಷ ನಿಂತಿದ್ದು ಉತ್ತರದ ತುದಿಯಲ್ಲಿ ಎಂಬುದು ಅವಳ ತಲೆಗೆ ಬರಲೇ ಇಲ್ಲ. ನಿದ್ದೆಯ ಆಸೆ ಅಷ್ಟು ಗಟ್ಟಿಯಾಗಿತ್ತು.

ಜುಲೈನ ಮೋಡ ಮುಚ್ಚಿದ, ಎಲೆಯೂ ಅಲುಗದ ಒಂದು ದಿನ. ಬಿಸಿಲಿಲ್ಲದೆ ಪಾಚಿ ಉಸಿರು ಕೊಡದ ಅಂಥ ದಿನ ಕಳೆದು ಬರುವ ರಾತ್ರಿ ಮೀನಿಗೆ ಕೆಟ್ಟದ್ದು. ಒಜೆಲಾ ಗಡಿಯಾರವನ್ನು ತಲೆದೆಸೆಯಿಂದ ತೆಗೆದಿಟ್ಟು ಮಲಗಿದಳು. ಯಾವಾಗಲೋ ಹೊಸ ಚಕ್ರ ತಿರುಗಲು ಶುರುವಾಯಿತು. ದೂರದಲ್ಲಿ ಯಾರೋ ಬಟ್ಟೆ ಒಗೆಯುವಂಥ ಸದ್ದು. ಅದನ್ನು ಕೇಳುತ್ತ ಕೇಳುತ್ತ ಅವಳು ಬೆಚ್ಚಗೆ ನಿದ್ದೆಯೊಳಕ್ಕೆ ಇಳಿದಳು, ಇನ್ನೂ ಕೆಳಗೆ. ಇನ್ನೇನು ಏನೋ ಕಾಣಬೇಕು ಎನ್ನುವಾಗ ಕಾಲುಗಳು ತಾವಾಗಿ ಎದ್ದು ಬೂಟು ಹುಡುಕಿದವು. ಹೊರಗೆ ಬಂದಾಗ ಬೆಳಕು ಹರಿಯುತ್ತಿತ್ತು, ನೀರಿನ ಮೇಲೆ ಮಂಜು ಕೂತಿತ್ತು.

ಹೊಸ ಚಕ್ರ ಚೆನ್ನಾಗಿಯೇ ತಿರುಗುತ್ತಿತ್ತು. ಸುತ್ತ ಹಾಲಿನಂಥ ನೊರೆ. ಅಲ್ಲಿ ಒಂದು ಮೀನೂ ಇರಲಿಲ್ಲ.

ಅವಳಿಗೆ ಆಗ ಹೊಳೆಯಿತು. ಮೀನಿಗೆ ಚಕ್ರದ ಜಾಗ ಗೊತ್ತಿರುತ್ತದೆ ಎಂಬುದನ್ನು ನಮ್ಮಲ್ಲಿ ಮಕ್ಕಳೂ ಹೇಳುತ್ತಾರೆ. ಉಸಿರು ಕಟ್ಟಿದಾಗ ಮೀನು ಹೊಸ ಜಾಗ ಹುಡುಕುವುದಿಲ್ಲ. ಹಿಂದೆ ಎಲ್ಲಿ ಜೀವ ಉಳಿದಿತ್ತೋ ಅಲ್ಲಿಗೇ ಹೋಗುತ್ತದೆ, ದೊಡ್ಡದರ ಹಿಂದೆ ಹೋಗಿ ಮರಿಯೂ ಕಲಿಯುತ್ತದೆ. ಉತ್ತರದ ತುದಿಯಲ್ಲಿ ಮಂಜಿನ ಕೆಳಗೆ ನೀರು ಕಾಣದಷ್ಟು ಬಾಯಿಗಳು ತೆರೆದುಕೊಂಡಿದ್ದವು. ಚಕ್ರವಿಲ್ಲದ ಖಾಲಿ ಜಾಗದಲ್ಲಿ ಸಾವಿರಾರು ಮೀನು ಮುಖ ಮೇಲೆತ್ತಿ ಕಾಯುತ್ತಿದ್ದವು.

ಅವಳು ಶೆಡ್ಡಿಗೆ ಓಡಿದಳು. ಹಳೆ ಚಕ್ರವನ್ನು ಟ್ರ್ಯಾಕ್ಟರಿನಿಂದ ಇನ್ನೂ ಬಿಚ್ಚಿರಲಿಲ್ಲ, ಅದೊಂದು ಪುಣ್ಯ. ಏರಿಯ ಮೇಲೆ ಓಡಿಸಿಕೊಂಡು ಹೋಗಿ, ಹಿಮ್ಮುಖವಾಗಿ ನೀರಿಗಿಳಿಸಿ ತಿರುಗಿಸಿದಳು. ಸೂರ್ಯ ಮೇಲೇರುವವರೆಗೆ ಸೀಟಿನಿಂದ ಇಳಿಯಲಿಲ್ಲ. ಇನ್ನೂರೋ ಮುನ್ನೂರೋ ಸತ್ತು ತೇಲಿದವು, ಉಳಿದವು ಬದುಕಿದವು. ನಿದ್ದೆಗಾಗಿ ಅವನ ಮೀನನ್ನೇ ಕೊಲ್ಲಲು ಹೊರಟೆನಲ್ಲ ಎಂದು ಅವಳು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತಳು.

“ಎತ್ತಿ ಬಿಸಾಕು ಆ ಯಂತ್ರಾನ,” ಎಂದಳು ಸುದ್ದಿ ತಿಳಿದು ಬಂದ ಮಾಡೀನ್.

“ಯಂತ್ರದ್ದೇನೂ ತಪ್ಪಿಲ್ಲ. ಮೀನಿಗೆ ದಾರಿ ತೋರಿಸಬೇಕು.”

“ಮೀನಿಗೆ ದಾರಿ? ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀಯಾ?”

ಹೆಚ್ಚುಕಮ್ಮಿ ಅದನ್ನೇ ಮಾಡಿದಳು. ಮರುದಿನ ಬೆಳಗಿನ ಜಾವ ಹಳೆ ಚಕ್ರವನ್ನು ಹಳೆಯ ಜಾಗಕ್ಕಿಂತ ಇಪ್ಪತ್ತು ಹೆಜ್ಜೆ ದಕ್ಷಿಣಕ್ಕೆ ನಿಲ್ಲಿಸಿ ತಿರುಗಿಸಿದಳು. ಮೀನು ಅಲ್ಲಿಗೆ ಬಂದವು. ಅದರ ಮರುದಿನ ಇನ್ನಿಪ್ಪತ್ತು ಹೆಜ್ಜೆ. ಮಾಡೀನ್ ಬೈಯುತ್ತಲೇ ಬಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಟಾರ್ಚ್ ಹಿಡಿದಳು. ದಿನವೂ ಬಂದಳು. ಇಬ್ಬರು ಮುದುಕಿಯರು ಮಂಜಿನೊಳಗೆ ಟ್ರ್ಯಾಕ್ಟರಿನ ಮೇಲೆ ಕೂತು ಏರಿಯುದ್ದಕ್ಕೂ ದಿನಕ್ಕಿಷ್ಟು ಎಂದು ನಿಧಾನವಾಗಿ ಸರಿಯುತ್ತಿದ್ದರೆ, ಪಕ್ಕದ ಕಪ್ಪು ನೀರಿನಲ್ಲಿ ಐವತ್ತು ಸಾವಿರ ಮೀನು ಸದ್ದಿಲ್ಲದೆ ಜೊತೆಗೇ ಸರಿಯುತ್ತಿದ್ದವು. ಎಚ್ಚರವೋ ಕನಸೋ ಒಜೆಲಾಳಿಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಚಕ್ರದ ತುಂತುರು ಮುಖಕ್ಕೆ ಬಿದ್ದಾಗಲೇ ಎಚ್ಚರ ಎಂದು ಗೊತ್ತಾಗುತ್ತಿತ್ತು.

ಒಂಬತ್ತನೆಯ ದಿನ ಮಾಡೀನ್ ಟಾರ್ಚನ್ನು ನೀರಿನತ್ತ ಹಿಡಿದುಕೊಂಡೇ ಹೇಳಿದಳು:

“ಅವನು ನನ್ನ ಹತ್ರ ಬಂದಿದ್ದು ಒಂದೇ ಸಲ ಕಣೇ. ಸತ್ತ ವಾರ. ಕಡುಬು, ಟೋಪಿ, ಅದೆಲ್ಲ ನಾನೇ ಕಟ್ಟಿ ಹೇಳಿದ್ದು.”

ಒಜೆಲಾ ತಿರುಗಿ ನೋಡಿದಳು. “ಯಾಕೆ?”

“ಊರಲ್ಲಿ ಯಾರೂ ಅವನ ಹೆಸರು ಎತ್ತಲ್ಲ. ನಿನ್ನ ಬಾಯಲ್ಲೂ ಬರಲ್ಲ. ನಾನು ಹಾಗಂದಾಗ ಮಾತ್ರ ನೀನು ಅವನ ಬಗ್ಗೆ ಜಗಳಕ್ಕಾದ್ರೂ ಒಂದು ಮಾತಾಡ್ತೀಯ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಜೆಲಾ ಒಂದು ಕೈಯನ್ನು ಸ್ಟಿಯರಿಂಗಿನಿಂದ ತೆಗೆದು ಮಾಡೀನಳ ತೊಡೆಯ ಮೇಲಿಟ್ಟಳು. ಬೆಳಕಾಗುವವರೆಗೆ ಹಾಗೇ ಕೂತಿದ್ದರು.

ಹದಿಮೂರನೆಯ ಬೆಳಗಿನ ಜಾವ ಹಳೆ ಚಕ್ರ ಹೊಸ ಚಕ್ರದ ಪಕ್ಕಕ್ಕೇ ಬಂದು ನಿಂತಿತು. ಎರಡೂ ತಿರುಗುತ್ತಿರುವಾಗ ಒಜೆಲಾ ಟ್ರ್ಯಾಕ್ಟರಿನ ಇಂಜಿನ್ ಆರಿಸಿದಳು. ಮಾಡೀನ್ ನೀರಿನ ಮೇಲೆ ಟಾರ್ಚಿನ ಬೆಳಕು ಬಿಟ್ಟಳು. ಮೀನು ಒಂದಿಷ್ಟು ಕದಲಿದವು, ಅತ್ತಿತ್ತ ತಡಕಾಡಿದವು, ಆಮೇಲೆ ಒಂದೊಂದಾಗಿ ಹೊಸ ನೊರೆಯ ಕಡೆ ಸರಿದು ನಿಂತವು. ಮುಂದಿನ ಎರಡು ರಾತ್ರಿ ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಇತ್ತು, ಆದರೂ ಒಜೆಲಾ ದಡ ಬಿಟ್ಟು ಕದಲಲಿಲ್ಲ. ಮೀನು ನೇರ ಹೊಸ ಜಾಗಕ್ಕೇ ಬಂದವು.

ಮೂರನೆಯ ಸಂಜೆ ಮಾಡೀನ್ ಒಂದು ಮಡಚುವ ಕುರ್ಚಿ, ಒಂದು ಕಂಬಳಿ, ಒಂದು ಡಬ್ಬಿ ಹುರಿದ ಬೆಂಡೆಕಾಯಿ ಹಿಡಿದುಕೊಂಡು ಬಂದಳು.

“ಹೋಗು, ಮಲಕ್ಕೋ. ಇವತ್ತು ನಾನು ಕೂತಿರ್ತೀನಿ.”

“ನಿಂಗೆ ಮೀನಿನ ಗಂಧಗಾಳಿ ಗೊತ್ತಾ?”

“ಮೀನು ಅತ್ತ ಹೋಗಿ ಬಾಯಿ ಮೇಲೆತ್ತಿದ್ರೆ ಕಿರುಚ್ತೀನಿ. ಕಿರುಚೋಕೆ ಏನು ಕಾಲೇಜು ಓದಿರಬೇಕಾ?”

ಒಜೆಲಾ ಒಳಗೆ ಹೋದಳು. ಯಂತ್ರ ತಾನೇ ನೋಡಿಕೊಳ್ಳುತ್ತದೆ ಎಂದು ಗ್ರೇಡಿ ಹೇಳಿದಾಗ ಬಾರದ ನೆಮ್ಮದಿ, ಹೊರಗೆ ಒಬ್ಬಳು ಕೂತಿದ್ದಾಳೆ ಎಂದಾಗ ಬಂತು. ಹಾಸಿಗೆಗೆ ತಲೆಯಿಟ್ಟಿದ್ದಷ್ಟೇ ಅವಳಿಗೆ ಗೊತ್ತು.

ಕಣ್ಣು ಬಿಟ್ಟಾಗ ಗಂಟೆ ಒಂಬತ್ತಾಗಿತ್ತು. ಎದ್ದು ಬಂದರೆ ಬಿಸಿಲು ಅಡುಗೆಮನೆಯ ನೆಲದ ಮೇಲೆಲ್ಲ ಹರಡಿತ್ತು. ಮಾಡೀನ್ ಒಲೆಯ ಮುಂದೆ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು, ಮೀನೆಲ್ಲ ಚೆನ್ನಾಗಿವೆ ಎಂದು ತಿರುಗದೆಯೇ ಹೇಳಿದಳು. ಆಮೇಲೆ ತಿರುಗಿ ಒಜೆಲಾಳ ಮುಖ ನೋಡಿ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಬಂದಿದ್ನಾ?”

“ಬಂದಿದ್ದ.”

“ಏನಂದ?”

“ಏನೂ ಅನ್ಲಿಲ್ಲ,” ಎಂದಳು ಒಜೆಲಾ. “ಮಲಗಿದ್ದ. ನನ್ನ ಪಕ್ಕದಲ್ಲೇ, ರಾತ್ರಿ ಪೂರ್ತಿ.”