ವೇಬ್ರಿಡ್ಜಿನ ಕಂಪ್ಯೂಟರ್ ಆನ್ ಆದಾಗ

ಕೊರೊನಾ ಮುಗಿದು ಅಂಗಡಿಮುಂಗಟ್ಟು ಮತ್ತೆ ಬಾಗಿಲು ತೆರೆದ ವರ್ಷ. ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಓದಿದ ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಬ್ಯಾಗಿಗೆ ಸ್ಕ್ರೂಡ್ರೈವರ್, ಬ್ರಷ್, ರಬ್ಬರ್ ಹಾಕಿಕೊಂಡು ಬಸ್ಸು ಹತ್ತುವುದು, ಎಲ್ಲಿ ಕಂಪ್ಯೂಟರ್ ಕೆಟ್ಟಿದೆಯೋ ಅಲ್ಲಿ ಇಳಿಯುವುದು. ಗುಂಡ್ಲುಪೇಟೆ ತಾಲ್ಲೂಕು ನನ್ನ ಪಾಲಿಗೆ ಬಂದಿತ್ತು.

ಗುಂಡ್ಲುಪೇಟೆಯ ಹೊರಗೆ ಹೆದ್ದಾರಿಯ ಪಕ್ಕದಲ್ಲಿ ಒಂದು ವೇಬ್ರಿಡ್ಜ್ ಇತ್ತು. ಲಾರಿಗಳನ್ನು ಸರಕಿನ ಸಮೇತ ತೂಗುವ ಜಾಗ ಅದು. ಅದನ್ನು ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಇಬ್ರಾಹಿಂ ಸಾಬರು. ತೂಕದ ಚೀಟಿ ಪ್ರಿಂಟ್ ಮಾಡುವುದೂ, ಲಾರಿ ನಿಲ್ಲುವ ತೂಕದ ಕಟ್ಟೆಯ ಕಡೆಗಿದ್ದ ಕ್ಯಾಮೆರಾದ ದೃಶ್ಯವನ್ನು ಉಳಿಸಿಕೊಳ್ಳುವುದೂ ಅವರ ಕೋಣೆಯ ಒಂದೇ ಒಂದು ಹಳೆಯ ಡೆಸ್ಕ್‌ಟಾಪ್. ಅಲ್ಲಿ ಒಂದು ರೂಢಿ ಬೆಳೆದಿತ್ತು. ಡ್ರೈವರ್ ಚೀಟಿಗೆಂದು ಕೆಳಗಿಳಿದು ಕೋಣೆಗೆ ಬಂದರೆ, ಹಿಂದಿನವರು ಹಾರ್ನ್ ಮಾಡುತ್ತಾರೆಂದು ಹತ್ತಿರವಿದ್ದ ಹಮಾಲಿ ಯಾರಾದರೂ ಕ್ಯಾಬಿನ್‌ಗೆ ಹತ್ತಿ ಲಾರಿಯನ್ನು ಕಟ್ಟೆಯಿಂದ ಇಳಿಸಿಬಿಡುತ್ತಿದ್ದ. ಕೀಲಿ ಲಾರಿಯಲ್ಲೇ ಇರುತ್ತಿತ್ತು. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ.

ಆ ಮಧ್ಯಾಹ್ನ ಪ್ರಿಂಟರ್ ನೋಡಲೆಂದು ಬಸ್ಸಿಳಿದಾಗ ಜನ ಕಿಕ್ಕಿರಿದಿದ್ದರು. ಹಂಗಳದ ಹಮಾಲಿ ಮಾದೇಶನನ್ನು ಆಟೋಗೆ ಎತ್ತಿ ಹಾಕುತ್ತಿದ್ದರು. ಈರುಳ್ಳಿ ಲಾರಿಯೊಂದು ಹಿಂದಕ್ಕೆ ಬಂದು ಅವನನ್ನು ಕಬ್ಬಿಣದ ಕಂಬಕ್ಕೆ ಒತ್ತಿತ್ತು. ಮೊಣಕಾಲಿನ ಕೆಳಗೆ ಕಾಲೆಂಬುದು ಉಳಿದಿರಲಿಲ್ಲ. ಈಚೆ ಕಡೆ ಇನ್ನೊಂದು ಗುಂಪು ಲಾರಿ ಡ್ರೈವರ್ ಬಿಜುವನ್ನು ನೆಲಕ್ಕೆ ಕೆಡವಿ ತುಳಿಯುತ್ತಿತ್ತು. ವಯನಾಡಿನ ಕಡೆಯ ಹುಡುಗ. ಚಪ್ಪಲಿಯ ಕಾಲು ಮುಖದ ಮೇಲೆ ಬಿದ್ದಾಗ ಆದ ಸದ್ದು ಒದ್ದೆ ಬಟ್ಟೆ ಒಗೆದಂತಿತ್ತು. ಸಾಬರು ಕೂಗುತ್ತಾ ನುಗ್ಗಿ, ಹೇಗೋ ಅವನ ಕಾಲರ್ ಹಿಡಿದು ಕೋಣೆಗೆ ಎಳೆದರು. ಅವನ ಒಂದು ಕೈ ನಾನು ಹಿಡಿದೆ. ಏಕೆ ಹಿಡಿದೆನೋ ಗೊತ್ತಿಲ್ಲ. ಸಾಬರು ಷಟರ್ ಎಳೆದು ಒಳಗಿನಿಂದ ಬೀಗ ಹಾಕಿದರು.

ಬಿಜುವಿನ ಕಿವಿ ಹರಿದು ಜೋತಾಡುತ್ತಿತ್ತು. ಬಾಯಿಯಿಂದ ರಕ್ತದ ಜೊತೆ ಹಲ್ಲು ಬಿತ್ತು. "ನಾನ್ ಓಡಿಸಿಲ್ಲ ಮೇಡಂ. ಸತ್ಯಂ. ನಾನ್ ಇಲ್ಲೇ ಚೀಟಿಗೆ ನಿಂತಿದ್ದೆ."

"ಹೌದು ಬೇಟಿ, ನನ್ನ ಎದುರಿಗೇ ನಿಂತಿದ್ದ" ಎಂದರು ಸಾಬರು. "ಕೂಗು ಕೇಳಿ ಓಡಿದ. ಆ ಹುಡುಗನ ಮೇಲಿಂದ ಲಾರಿ ಮುಂದಕ್ಕೆ ತೆಗೀಬೇಕಲ್ಲ, ಅದಕ್ಕೇ ಹತ್ತಿದ. ಜನ ನೋಡಿದ್ದು ಅದನ್ನೇ. ನಾನು ಹೇಳಿದ್ರೆ, ನೀನು ಲಾರಿಯೋರ ಕಡೆ ಅಂತಾರೆ."

ಹೊರಗೆ ಷಟರಿಗೆ ಕಬ್ಬಿಣದ ಹಾರೆ ಬಿತ್ತು. ಇಡೀ ಕೋಣೆ ನಡುಗಿತು. ಸಾಬರು ಪೊಲೀಸರಿಗೆ ಫೋನ್ ಮಾಡಿದರು. ಹೆದ್ದಾರಿಯನ್ನು ಅಡ್ಡಗಟ್ಟಿದ್ದಾರೆ, ಬರುವುದು ತಡವಾಗುತ್ತದೆ ಎಂದು ಠಾಣೆಯವರು ಹೇಳಿದರು.

"ಕ್ಯಾಮೆರಾದಲ್ಲಿ ಇದೆಯಲ್ಲ, ತೋರಿಸೋಣ" ಎಂದೆ.

ಸಾಬರು ಮೇಜಿನ ಕೆಳಗೆ ಕೈ ತೋರಿಸಿದರು. ಸಿಪಿಯು ಅಡ್ಡ ಬಿದ್ದಿತ್ತು. "ನಾವು ಹೊರಗಿದ್ದಾಗ ಯಾರೋ ನುಗ್ಗಿ ಹೊಡೆದಿದ್ದಾನೆ. ಮುಖ ನೋಡಲಿಲ್ಲ."

ಚೀಟಿ ಕೊಡುವ ಕಿಟಕಿಯ ಸರಳಿಗೆ ಒಂದು ಮುಖ ಅಂಟಿಕೊಂಡಿತು. ಮಾದೇಶನ ಅಣ್ಣ, ಅಲ್ಲೇ ಹಮಾಲಿಯಾಗಿದ್ದ ಸಿದ್ದರಾಜು. ನಾನು ಬಂದಾಗಲೆಲ್ಲ "ಕಂಪ್ಯೂಟರಮ್ಮಿ ಬಂದ್ಲು ಕಣ್ರಲಾ, ಇನ್ ತೂಕ ನಿಂತೋಯ್ತು" ಎಂದು ರೇಗಿಸುತ್ತಿದ್ದವನು. ಈಗ ಅವನ ಅಂಗಿಯ ತುಂಬ ತಮ್ಮನ ರಕ್ತ. "ಅಮ್ಮೀ, ನೀನು ಆಚೆಗ್ ಬಂದ್ಬುಡು. ನಿಂಗೇನೂ ಮಾಡಕಿಲ್ಲ. ಆ ನನ್ಮಗನ್ನ ಇತ್ತಾಗ್ ಬುಟ್ಬುಟ್ಟು ಓಗು."

ಹೋಗಬಹುದಿತ್ತು. ಚಿಲಕ ಹಾಕಿದ ಕಬ್ಬಿಣದ ಹಿತ್ತಲ ಬಾಗಿಲಿತ್ತು, ಆದರೆ ಅಲ್ಲಿಯೂ ಜನರಿದ್ದರು. ನನ್ನೊಬ್ಬಳಿಗೆ ಅವರು ದಾರಿ ಬಿಡುತ್ತಿದ್ದರು. ಬಾಗಿಲು ತೆರೆದ ಆ ಕ್ಷಣಕ್ಕೇ ಬಿಜು ಸಾಯುತ್ತಿದ್ದ. ನಾನು ಸಿಪಿಯುವಿನ ಮುಂದೆ ಮಂಡಿಯೂರಿದೆ.

ಆನ್ ಮಾಡುವ ಗುಂಡಿ ಒಳಕ್ಕೆ ಕುಸಿದಿತ್ತು. ಬಾಗಿದ ತಗಡನ್ನು ಕಾಲಿನಿಂದ ಒದ್ದು ತೆಗೆದೆ. ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ. ಮದರ್‌ಬೋರ್ಡಿನಿಂದ ಅದರ ವೈರುಗಳ ಕಟ್ಟನ್ನು ಬಿಡಿಸಿ, ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪಿನ್ನು ಸಿಕ್ಕಿಸಿದೆ. ಫ್ಯಾನ್ ತಿರುಗಿತು. ಜೀವ ಇದೆ. ಕಟ್ಟನ್ನು ಮತ್ತೆ ಬೋರ್ಡಿಗೆ ಸಿಕ್ಕಿಸಿದೆ. ಗುಂಡಿ ಇಲ್ಲದಿದ್ದರೂ, ಬೋರ್ಡಿನ ಮೇಲೆ ಗುಂಡಿಯ ವೈರು ಬಂದು ಸೇರುವ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಅವೆರಡಕ್ಕೂ ತಾಗುವಂತೆ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಸಾಕು. ಎರಡು ಸಲ ತಪ್ಪಿತು. ಮತ್ತೆ ಮುಟ್ಟಿಸಿದೆ. ಬೀಪ್, ಬೀಪ್ ಎಂದು ಕೂಗಿತು. ರ‍್ಯಾಮ್ ಎಂಬ ನೆನಪಿನ ಪಟ್ಟಿ ಸರಿಯಾಗಿ ಕೂತಿಲ್ಲ ಎಂದರ್ಥ.

ಅಷ್ಟರಲ್ಲಿ ಕಿಟಕಿಯಿಂದ ಕಲ್ಲು ಬಂತು. ಸಾಬರ ಹಣೆ ಒಡೆದು ಗಡ್ಡ ಕೆಂಪಾಯಿತು. ಅವರು ಕರವಸ್ತ್ರ ಒತ್ತಿಕೊಂಡು, "ನೀನು ನೋಡು, ನೋಡು" ಎಂದರು. ಷಟರಿನ ಕೆಳಗಿನ ಪಟ್ಟಿ ಬಾಗಿ ಬೆಳಕು ಒಳಗೆ ಬಂದಿತ್ತು. ಆ ಸಂದಿಯಿಂದ ಒಂದು ಕೈ ತೂರಿ ಬಿಜುವಿನ ಕಾಲು ಹುಡುಕುತ್ತಿತ್ತು.

ಎರಡು ರ‍್ಯಾಮ್‌ಗಳಲ್ಲಿ ಒಂದು ಸೀಳಿತ್ತು. ಇನ್ನೊಂದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ತಿಕ್ಕಿ ಬೇರೆ ಸ್ಲಾಟಿಗೆ ಒತ್ತಿದೆ. ತೆರೆ ಬೆಳಗಿತು, ಆದರೆ ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂದಿತು. ಡಿಸ್ಕಿನ ಕೇಬಲ್ಲಿನ ತುದಿ ಮುರಿದಿತ್ತು. ಪಕ್ಕದ ಡಿವಿಡಿ ಡ್ರೈವಿನ ಕೇಬಲ್ ಕಿತ್ತು ಡಿಸ್ಕಿಗೆ ಚುಚ್ಚಿದೆ.

ವಿಂಡೋಸ್ ಏಳುವವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಆಗ ಸುತ್ತ ನೋಡಿದೆ. ಮಾನಿಟರಿಗೆ ಒಂದು ಗೀರೂ ಇಲ್ಲ. ಪ್ರಿಂಟರ್ ಹಾಗೇ ಇದೆ. ಸಿಟ್ಟಿನಿಂದ ನುಗ್ಗಿದವನು ಕಣ್ಣೆದುರಿಗಿದ್ದುದನ್ನು ಒಡೆಯುತ್ತಾನೆ. ಇವನು ಬಗ್ಗಿ, ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನಷ್ಟೇ ಹೊಡೆದಿದ್ದ. ಕ್ಯಾಮೆರಾದ್ದು ಎಲ್ಲಿ ಉಳಿಯುತ್ತದೆಂದು ಅವನಿಗೆ ಗೊತ್ತಿತ್ತು.

ದೃಶ್ಯ ತೆರೆದೆ. ಬಿಜು ಕೆಳಗಿಳಿದು ಕೋಣೆಯತ್ತ ನಡೆಯುತ್ತಾನೆ. ಇನ್ನೊಬ್ಬ ಕ್ಯಾಬಿನ್ನಿಗೆ ಹತ್ತುತ್ತಾನೆ. ಲಾರಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಜಿಗಿಯುತ್ತದೆ. ಬಾಗಿಲು ತೆರೆದು ಜಿಗಿದವನು ತಲೆ ಮೇಲೆ ಕೈ ಹೊತ್ತು ಹಿಂದಕ್ಕೆ ಓಡುತ್ತಾನೆ. ಸಿದ್ದರಾಜು.

"ತೋರ್ಸಿ ಮೇಡಂ, ಎಲ್ಲಾರಿಗೂ ತೋರ್ಸಿ!" ಬಿಜು ಅಳುತ್ತಿದ್ದ. ಸಾಬರು ನನ್ನ ತೋಳು ಹಿಡಿದರು. "ಬೇಟಿ, ಇದನ್ನ ಈ ಜನಕ್ಕೆ ತೋರಿಸಿದ್ರೆ ಅವನನ್ನ ಇಲ್ಲೇ ಮುಗಿಸ್ತಾರೆ."

ನಾನು ಮಾನಿಟರನ್ನು ಗೋಡೆಯ ಕಡೆ ತಿರುಗಿಸಿ ಕಿಟಕಿಗೆ ಹೋದೆ. "ಸಿದ್ದಣ್ಣ, ಕಂಪ್ಯೂಟರ್ ಆನ್ ಆಯ್ತು. ನೋಡ್ದೆ. ಆಚೆ ಯಾರ್ಗೂ ಹೇಳಿಲ್ಲ. ಇವ್ರನ್ನ ನಿಲ್ಸು."

ಸರಳಿನ ಸಂದಿಯಿಂದ ಅವನ ಕೈಲಿದ್ದ ರಾಡು ಒಳಗೆ ಬಂದು ನನ್ನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದದ್ದು ಆಗ ಗೊತ್ತಾಗಲಿಲ್ಲ. ಎರಡನೇ ಏಟಿಗೆ ರಾಡು ಎತ್ತಿದವನು ಹಾಗೇ ನಿಂತ.

"ಆಫ್ ಮಾಡಮ್ಮಿ" ಎಂದ, ನನಗಷ್ಟೇ ಕೇಳುವಂತೆ. "ನಿನ್ ಕಾಲಿಗ್ ಬೀಳ್ತೀನಿ. ಆಫ್ ಮಾಡ್ಬುಡು. ಗೇರು ತಪ್ಪಿ ಬಿತ್ತು ಕಣಮ್ಮಿ. ಅವನು ನನ್ ತಮ್ಮ."

"ಆಫ್ ಮಾಡಿದ್ರೆ ಈ ಹುಡುಗನ್ನ ಕೊಲ್ತಾರಲ್ಲ ಅಣ್ಣ."

ಅವನು ಬಿಜುವಿನ ಕಡೆ ನೋಡಿದ. ಆಮೇಲೆ ಕಿಟಕಿಯಿಂದ ಮಾಯವಾದ. ಷಟರಿಗೆ ಬೆನ್ನು ಕೊಟ್ಟು ನಿಂತಿರಬೇಕು, ತಗಡು ಒಮ್ಮೆ ಗುಯ್ಯೆಂದಿತು.

"ಬುಡ್ರಲಾ! ಪೊಲೀಸ್ನೋರು ಬರ್ಲಿ!"

"ಏನ್ಲಾ ಸಿದ್ದ, ತಮ್ಮನ್ ಕಾಲು ಓಯ್ತು, ಇವ್ನ್ ನೋಡಿದ್ರೆ ನ್ಯಾಯ ಏಳ್ತಾವ್ನೆ!"

"ದುಡ್ ಇಸ್ಕಂಡ್ಯೇನ್ಲಾ ಕೇರಳದೋನ್ ಅತ್ರ?"

ಆಮೇಲೆ ಏಟುಗಳು. ಷಟರಿನ ಮೇಲೆ ಬೀಳುವ ಏಟು ಗಣಗಣ ಎನ್ನುತ್ತದೆ, ಮೈಮೇಲೆ ಬೀಳುವುದು ಎನ್ನುವುದಿಲ್ಲ. ಒಳಗೆ ಕುಳಿತ ನಮಗೆ ವ್ಯತ್ಯಾಸ ತಿಳಿಯುತ್ತಿತ್ತು. ಅವನು ಕೂಗಲಿಲ್ಲ, ಜಾಗವನ್ನೂ ಬಿಡಲಿಲ್ಲ. ಜೀಪಿನ ಸದ್ದು ಕೇಳಿ ಗುಂಪು ಚದುರಿತು. ಷಟರ್ ಎತ್ತಿದಾಗ ಅವನು ಒಳಕ್ಕೇ ಉರುಳಿಬಿದ್ದ. ಅವನ ತಲೆ ಬಿದ್ದದ್ದು ಬಿಜುವಿನ ಪಾದದ ಮೇಲೆ. ನಾನು ದೃಶ್ಯವನ್ನು ಇನ್‌ಸ್ಪೆಕ್ಟರಿಗೆ ತೋರಿಸಿ, ಒಂದೇ ಕೈಯಲ್ಲಿ ಹಾರ್ಡ್ ಡಿಸ್ಕ್ ಬಿಚ್ಚಿಕೊಟ್ಟೆ.

ಮಾದೇಶ, ಬಿಜು, ಸಿದ್ದರಾಜು ಮೂವರೂ ಬದುಕಿದರು. ಮಾದೇಶನಿಗೆ ಕಾಲು ಹೋಯಿತು. ಸಿದ್ದರಾಜುವಿನ ಮೇಲೆ ಕೇಸು ನಡೆಯುತ್ತಿದೆ. ಅವನ ಎಡಗಣ್ಣು ಇನ್ನು ಕಾಣುವುದಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡ ನನ್ನ ಮಣಿಕಟ್ಟು ಸರಿಹೋಗಿದೆ. ಆದರೆ ಬೀದಿಯಲ್ಲಿ ಯಾರಾದರೂ ಷಟರ್ ಎಳೆದರೆ ಮೈ ಬೆವರುತ್ತದೆ.

ಕಂಪ್ಯೂಟರ್ ಆನ್ ಆದರೆ ನನ್ನ ಕೆಲಸ ಮುಗಿಯಿತೆಂದು ಅಲ್ಲಿಯವರೆಗೆ ತಿಳಿದಿದ್ದೆ. ಆನ್ ಆದ ಮೇಲೆ ತೆರೆಯನ್ನು ಯಾರ ಕಡೆಗೆ ತಿರುಗಿಸಬೇಕೆಂಬುದೂ ಈ ಕೆಲಸದೊಳಗೇ ಬರುತ್ತದೆಂದು ಆ ಕೋಣೆ ಕಲಿಸಿತು. ಅದನ್ನು ಕಲಿತವಳಿಗೆ ನೆಮ್ಮದಿ ಸಿಕ್ಕಿದೆ ಎಂದಲ್ಲ. ಆಂಬುಲೆನ್ಸಿಗೆ ಹತ್ತಿಸುವಾಗ ಬಿಜು ಕೇಳಿದ್ದ: "ಮೇಡಂ, ಆಗಲೇ ಯಾಕೆ ತೋರ್ಸಿಲ್ಲ?" ಈಗ ಕೇಳಿದರೆ ಹೇಳುತ್ತೇನೆ: ಆಗ ತೋರಿಸಿದ್ದರೆ ನಿನ್ನನ್ನು ತುಳಿದ ಅದೇ ಕಾಲುಗಳ ಕೆಳಗೆ ಇನ್ನೊಬ್ಬ ಬೀಳುತ್ತಿದ್ದ, ಅವನನ್ನು ಎಳೆದುಕೊಳ್ಳಲು ನಮ್ಮ ಹತ್ತಿರ ಇನ್ನೊಂದು ಕೋಣೆ ಇರಲಿಲ್ಲ.