ನಾವು ಓದಿದ ಎರಡು ವಾಕ್ಯ

ಗೌರಿಬಿದನೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ನನ್ನನ್ನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಮಾಡಿದರು. ಚುನಾವಣೆ ಗಿನಾವಣೆ ಇರಲಿಲ್ಲ, ಹೆಚ್ಚು ಮಾರ್ಕ್ಸ್ ತೆಗೆದವರನ್ನು ಮೇಷ್ಟ್ರುಗಳೇ ಆರಿಸುತ್ತಿದ್ದರು. ಸ್ಪೋರ್ಟ್ಸ್ ಡೇಗೆ ಶಾಮಿಯಾನ ಹಾಕಿಸುವುದು, ಎತ್ನಿಕ್ ಡೇಗೆ ಯಾವ ಕ್ಲಾಸಿಗೆ ಯಾವ ಬಣ್ಣ ಎಂಬ ಜಗಳ ಬಿಡಿಸುವುದು, ಅತಿಥಿಗಳಿಗೆ ಹಾರ ತರುವುದು, ಇಷ್ಟೇ ನಮ್ಮ ಕೆಲಸ. ಲೋಕದ ಯಾವ ವಿಷಯಕ್ಕೂ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ನಮ್ಮೂರು ತೊಂಡೇಬಾವಿ. ನನ್ನ ಗೆಳತಿ ಮುಸ್ಲಿಮರೇ ಹೆಚ್ಚಿರುವ ಅಲೀಪುರದಿಂದ ಆಟೊದಲ್ಲಿ ನಮ್ಮೂರ ಸ್ಟೇಷನ್ನಿಗೆ ಬರುತ್ತಿದ್ದಳು, ಅಲ್ಲಿಂದ ಇಬ್ಬರೂ ಒಟ್ಟಿಗೆ ರೈಲು ಹತ್ತುತ್ತಿದ್ದೆವು. ಒಂದು ಬೆಳಿಗ್ಗೆ ಅವಳ ಮೊಬೈಲಿನಲ್ಲಿ ಗಾಜಾದ ಒಂದು ವಿಡಿಯೊ ನೋಡಿದೆ. ನಮ್ಮ ವಯಸ್ಸಿನ ಹುಡುಗಿಯೊಬ್ಬಳು ಇಟ್ಟಿಗೆ, ಕಬ್ಬಿಣದ ರಾಶಿಯ ಮುಂದೆ ನಿಂತು ಇದು ನಮ್ಮ ಲೈಬ್ರರಿ, ಇದು ನಮ್ಮ ಕ್ಲಾಸು ಅಂತ ಕೈ ತೋರಿಸುತ್ತಿದ್ದಳು. ಅಳುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಕಾಲೇಜು ತೋರಿಸುವವಳ ಹಾಗೆ ಮಾತಾಡುತ್ತಿದ್ದಳು. ಆ ದಿನ ಪಾಠ ಒಂದೂ ತಲೆಗೆ ಹೋಗಲಿಲ್ಲ. ನಮ್ಮ ಕ್ಲಾಸಿನ ಗೋಡೆಗಳನ್ನೇ ನೋಡುತ್ತ ಕೂತಿದ್ದೆ. ಸಂಘದ ಉದ್ಘಾಟನೆ ಹತ್ತಿರವಿತ್ತು. ಅಲ್ಲಿ ಇದರ ಬಗ್ಗೆ ಒಂದು ಹೇಳಿಕೆ ಓದಬೇಕು ಅಂತ ತೀರ್ಮಾನಿಸಿಬಿಟ್ಟೆ.

ಗೆಳತಿ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಮುಖ ಕಿಟಕಿ ಕಡೆ ತಿರುಗಿಸಿದಳು.

"ನೀನು ಓದಿದ್ರೆ ಅದು ಅಭಿಪ್ರಾಯ ಆಗುತ್ತೆ ಕಣೇ. ನಾನು ಓದಿದ್ರೆ ಬೇರೆ ಏನೋ ಆಗುತ್ತೆ. ನನ್ನನ್ನ ಸ್ಟೇಜ್ ಮೇಲೆ ಕರೀಬೇಡ" ಅಂದಳು.

ಸಂಘದ ಸಭೆ ಸೇರಿದ್ದು ಕೇರಂ ಬೋರ್ಡುಗಳಿದ್ದ ಕ್ರೀಡಾ ಕೊಠಡಿಯಲ್ಲಿ. ನಾನು ಬರೆದು ತಂದಿದ್ದ ಹೇಳಿಕೆಯನ್ನು ಓದಿ ಹೇಳಿದೆ. ಮೊದಲು ದಾಳಿ ಮಾಡಿ ಕೊಂದವರ ಬಗ್ಗೆ ಯಾಕೆ ಬರೆದಿಲ್ಲ ಅಂತ ಒಬ್ಬ ಕೇಳಿದ. ಬೇರೆ ದೇಶಗಳಲ್ಲಿ ನಮ್ಮವರಿಗೆ ತೊಂದರೆಯಾದಾಗ ಎಲ್ಲಿದ್ದೆ ಅಂತ ಇನ್ನೊಬ್ಬಳು. ಮೊದಲ ಪ್ರಶ್ನೆ ನನಗೂ ಸರಿ ಅನ್ನಿಸಿತು. ಯಾರ ಮಕ್ಕಳನ್ನು ಯಾರೇ ಕೊಂದರೂ ತಪ್ಪು ಅಂತ ಸೇರಿಸಿದೆ. ಆಮೇಲೆ ಕ್ರೀಡಾ ಕಾರ್ಯದರ್ಶಿ ಬಾಯಿಬಿಟ್ಟ. ಅವನ ಮನೆಯಲ್ಲಿ ಬುದ್ಧನ ಪಟವಿತ್ತು, ಅಕ್ಕ ನರ್ಸು, ಇವನು ಲಾ ಓದಬೇಕೆಂದಿದ್ದ. ಸಭೆಗಳಲ್ಲಿ ಮಾತಾಡಿದ್ದೇ ಅಪರೂಪ.

ಅವರೂರಿನ ಟೀ ಅಂಗಡಿಯಲ್ಲಿ ಮಿಕ್ಕವರಿಗೆಲ್ಲ ಗಾಜಿನ ಲೋಟ, ಅವರ ಕಾಲೊನಿಯವರಿಗೆ ಮಾತ್ರ ಪೇಪರ್ ಲೋಟ ಅಂತ ಹೇಳಿದ. ಕೇಳಿದರೆ, ಕ್ಲೀನಾಗಿರಲಿ ಅಂತ ಕೊಡ್ತೀವಿ ಅನ್ನುತ್ತಾರಂತೆ. ಅದೂ ಮನುಷ್ಯರ ಹಕ್ಕೇ ಅಲ್ಲವಾ ಅಂತ ಕೇಳಿದ. ನನಗೆ ಸಿಟ್ಟು ಬಂತು. ಅಲ್ಲಿ ಜನ ಸಾಯುತ್ತಿರುವಾಗ ಲೋಟದ ಮಾತು ತೆಗೆದು ವಿಷಯ ತಪ್ಪಿಸುತ್ತಿದ್ದಾನೆ ಅನ್ನಿಸಿ, ಹಾಗೇ ಅಂದೂಬಿಟ್ಟೆ.

ಅವನು ದನಿ ಏರಿಸಲಿಲ್ಲ. "ನಿಂದು ಬೇಡ ಅಂತಿಲ್ಲ. ಎರಡೂ ಬರಿ" ಅಂದ.

ಬರೆದೆವು. ಗಾಜಾದಲ್ಲಿ ಓದುವ ಮಕ್ಕಳ ಮೇಲೆ, ಅವರ ಕಾಲೇಜುಗಳ ಮೇಲೆ ಬಾಂಬು ಹಾಕುವುದನ್ನು ಸಂಘ ಖಂಡಿಸುತ್ತದೆ, ಯಾರ ಮಕ್ಕಳನ್ನು ಯಾರೇ ಕೊಂದರೂ ಅದು ತಪ್ಪು, ಇದು ಒಂದು ವಾಕ್ಯ. ನಮ್ಮ ತಾಲ್ಲೂಕಿನಲ್ಲಿ ಜಾತಿ ನೋಡಿ ಬೇರೆ ಲೋಟದಲ್ಲಿ ಟೀ ಕೊಡುವುದನ್ನೂ ಖಂಡಿಸುತ್ತದೆ, ಇದು ಇನ್ನೊಂದು.

ಸಂಘದ ಜವಾಬ್ದಾರಿ ಹೊತ್ತಿದ್ದ ಮೇಷ್ಟ್ರು ಓದಿ ಪೆನ್ನು ತೆಗೆದರು. ಗಾಜಾದ ಸಾಲು ಹೊಡೆಯುತ್ತಾರೆ ಅಂತ ನಾವು ಕಾಯುತ್ತಿದ್ದರೆ ಹೊಡೆದದ್ದು ಎರಡನೆಯದನ್ನು. ದೂರದ್ದು ಬೇಕಿದ್ದರೆ ಓದಿಕೊಳ್ಳಿ, ಇದನ್ನು ಓದಿದರೆ ನಾಳೆ ಊರವರು ಬಂದು ಕೂರುತ್ತಾರೆ ಅಂದರು. ಪ್ರಿನ್ಸಿಪಾಲರ ಹತ್ತಿರ ಹೋದಾಗ ಅವರು ಎರಡನ್ನೂ ತೆಗೆದರು. ಅದರ ಬದಲು ವಿಶ್ವಶಾಂತಿಗಾಗಿ ಒಂದು ನಿಮಿಷ ಮೌನ ಆಚರಿಸಿ, ಯಾರಿಗೂ ನೋವಾಗಲ್ಲ ಅಂದರು. ಹೊರಗೆ ಬಂದಾಗ ಕ್ರೀಡಾ ಕಾರ್ಯದರ್ಶಿ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ಉದ್ಘಾಟನೆಯ ದಿನ ಆ ಮೌನ ನಡೆಯಿತು. ಒಂದು ನಿಮಿಷವೂ ಆಗುವ ಮೊದಲೇ ಮೈಕ್ ಸರಿಮಾಡುವ ಸದ್ದು ಶುರುವಾಯಿತು. ಯಾವ ಶಾಂತಿ, ಯಾರ ಶಾಂತಿ ಅಂತ ಯಾರೂ ಕೇಳಲಿಲ್ಲ. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ನಾನು ಮೊದಲ ವಾಕ್ಯ ಓದಿದೆ, ಕ್ರೀಡಾ ಕಾರ್ಯದರ್ಶಿ ಎರಡನೆಯದು ಓದಿದ. ಕೇಳಲು ನಿಂತವರು ಸ್ವಲ್ಪ ಜನ. ಕೆಲವರು ಪಾನಿಪುರಿ ತಿನ್ನುತ್ತ ಕೇಳಿದರು. ಯಾರೋ ವಿಡಿಯೊ ಮಾಡಿದರು. ಓದಿ ತಲೆಯೆತ್ತಿದರೆ ಗೆಳತಿ ಮುಂದೆಯೇ ನಿಂತಿದ್ದಳು, ಬ್ಯಾಗನ್ನು ಎದೆಗೆ ಒತ್ತಿಕೊಂಡು. ನಾನು ಕರೆದಿರಲಿಲ್ಲ.

ಸಂಜೆ ಹೊತ್ತಿಗೆ ವಿಡಿಯೊ ನಮ್ಮೂರ ವಾಟ್ಸ್ಯಾಪ್ ಗ್ರೂಪಿಗೂ ಬಂದಿತ್ತು. ನಮ್ಮಪ್ಪ ಅಂಗಳದಲ್ಲಿ ಕೂತು ಅದನ್ನು ಮತ್ತೆ ಮತ್ತೆ ನೋಡುತ್ತಿದ್ದರು.

"ಎಂದುಕಮ್ಮಾ ಇದೆಲ್ಲ" ಅಂದರು. ಬೇಜಾರಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. "ಗಾಜಾನೋ ಇನ್ನೊಂದೋ, ಏನಾದ್ರೂ ಹೇಳ್ಕೊ. ಲೋಟದ ಮಾತು ಯಾಕೆ ಬೇಕಿತ್ತು? ನಮ್ಮ ಜನ ಏನಂದ್ಕೊಳ್ತಾರೆ?"

ಅದನ್ನು ಓದಿದ್ದು ನಾನಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮ ಸಂಘದ್ದೇ ಮಾತು ಅಪ್ಪ ಅಂದೆ. ಅವರು ಮೊಬೈಲ್ ಜೇಬಿಗೆ ಹಾಕಿಕೊಂಡು ತೋಟದ ಕಡೆ ಹೋದರು.

ನನ್ನನ್ನು ವಿಚಾರಿಸಲು ಯಾರೂ ಬರಲಿಲ್ಲ. ಎರಡನೆಯ ವಾಕ್ಯ ಓದಿದವನಿಗೆ ಅವನೂರಿನ ಅಂಗಡಿಯವನು, ಇನ್ನು ನಿನಗೆ ಯಾವ ಲೋಟದಲ್ಲೂ ಟೀ ಇಲ್ಲ ಅಂದನಂತೆ. ಆದರೆ ಅಲೀಪುರದ ಗೆಳತಿಯ ಮನೆಗೆ ಇಬ್ಬರು ಬಂದರು. ಯಾವ ಕಡೆಯವರು ಅಂತ ಹೇಳಲಿಲ್ಲ. ಮಗಳು ಯಾರ ಜೊತೆ ಓಡಾಡುತ್ತಾಳೆ, ಯಾವ ದೇಶಕ್ಕೆ ಫೋನ್ ಮಾಡುತ್ತಾಳೆ ಅಂತ ಅವಳ ಅಮ್ಮನನ್ನು ಕೇಳಿದರು. ವಿಡಿಯೊದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಓದಿದವಳು ನಾನು, ವಿಚಾರಣೆ ಅವಳ ಮನೆಯಲ್ಲಿ.

ಅವಳು ಕಾಲೇಜಿಗೆ ಬರುವುದು ನಿಂತಿತು. ನಾನು ದಿನಾ ಸ್ಟೇಷನ್ನಿನಲ್ಲಿ ಬಂದು ನಿಲ್ಲುವ ಪ್ರತಿ ಆಟೊವನ್ನೂ ನೋಡುತ್ತಿದ್ದೆ. ಕೊನೆಗೆ ಅವರ ಮನೆಗೇ ಹೋದೆ. ಅವಳ ಅಮ್ಮ ಶರಬತ್ತು ಕೊಟ್ಟರು, ಕೂರು ಅಂದರು. ಕ್ಷಮಿಸು ಅಂತ ಗೆಳತಿಗೆ ಹೇಳಹೊರಟೆ. ಅವಳು ತಡೆದಳು.

"ನೀನೇನು ನನ್ನ ಎಳ್ಕೊಂಡು ಹೋಗ್ಲಿಲ್ಲ. ಇದಾಗುತ್ತೆ ಅಂತ ಗೊತ್ತಿದ್ದೇ ಬಂದು ನಿಂತೆ. ಅದನ್ನೂ ನಿಂದು ಮಾಡ್ಕೋಬೇಡ ಕಣೇ."

ಪರೀಕ್ಷೆಗೆ ಅವಳ ತಂದೆಯೇ ಸ್ಕೂಟರಿನಲ್ಲಿ ಕರೆತಂದರು. ಪಾಸಾದಳು, ಈಗ ಚಿಂತಾಮಣಿಯ ಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಕ್ರೀಡಾ ಕಾರ್ಯದರ್ಶಿಯಾಗಿದ್ದವನು ಲಾ ಓದುತ್ತಿದ್ದಾನೆ. ಪೇಪರ್ ಲೋಟದ ಬಗ್ಗೆ ಅವನು ಕೊಟ್ಟ ದೂರು ಇನ್ನೂ ಎಲ್ಲೋ ಇದೆ. ನಾನು ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ.

ಮೊನ್ನೆ ಫೋನಿನಲ್ಲಿ ಗೆಳತಿಯನ್ನು ಕೇಳಿದೆ, ಆ ದಿನ ಓದಿ ಏನು ಬಂತು ಅಂತ. ಗಾಜಾದವರಿಗೆ ಏನೂ ಬರಲಿಲ್ಲ ಅಂದಳು. ಆಮೇಲೆ ಅವಳ ಸ್ಕೂಲಿನ ಬೆಲ್ಲು ಹೊಡೆಯಿತು, ಹೋಗಬೇಕು ಅಂದಳು. ನಾನು ಫೋನ್ ಹಿಡಿದುಕೊಂಡು ಕಚೇರಿಯ ವರಾಂಡದಲ್ಲಿ ಅತ್ತಿಂದಿತ್ತ ನಡೆದೆ. ಒಳಗೆ ಹೋಗಿ ಕೂರಲು ಮನಸ್ಸಾಗಲಿಲ್ಲ.