ಬೆವರಿಗೆ ಸರ್ಟಿಫಿಕೇಟ್

ಆ ಗುರುವಾರ ಬೆಳಿಗ್ಗೆ ಐದಕ್ಕೆ ಎದ್ದು ನಲ್ಲಿ ನೀರು ಹಿಡಿದೆ. ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಪಾತಿ, ಬೆಂಡೆಕಾಯಿ ಪಲ್ಯ. ಮಗಳ ಡಬ್ಬಿಗೆ ಅದೇ ಚಪಾತಿಗೆ ತುಪ್ಪ, ಸಕ್ಕರೆ ಸವರಿ ಸುರುಳಿ ಸುತ್ತಿದೆ. ಹಿಂದಿನ ಸಂಜೆ ಗಂಜಿ ಹಾಕಿ ಒಣಗಿಸಿದ್ದ ಅವಳ ಪಿನಾಫೋರಿಗೆ ನೀರು ಚಿಮುಕಿಸಿ, ನೆಲದ ಮೇಲೆ ಕಂಬಳಿ ಹಾಸಿಕೊಂಡು, ಒಂದೊಂದೇ ಮಡಿಕೆ ಹಿಡಿದು ಇಸ್ತ್ರಿ ಮಾಡಿದೆ. ಮುಂದೆ ಆರು ಮಡಿಕೆ, ಹಿಂದೆ ಆರು. ಎರಡು ಜಡೆ ಹೆಣೆದೆ. ಪಾತ್ರೆ ತೊಳೆದು ನೆಲ ಒರೆಸಿದೆ. ಆಮೇಲೆ ಎಂದೂ ಮಾಡದ ಒಂದು ಕೆಲಸ ಮಾಡಿದೆ. ಗ್ಯಾಸ್ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಹೊಲಿಗೆಯ ಚೀಲ ಹಿಡಿದು, ಮಗಳ ಜೊತೆ ಸ್ಕೂಲಿಗೆ ಹೋಗಿ, ಆಫೀಸಿನ ಮುಂದಿನ ವರಾಂಡದ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತುಬಿಟ್ಟೆ.

ಮಗಳು ಮೂರು ದಿನದಿಂದ ಆ ಬೆಂಚಿನ ಮೇಲೆಯೇ ಇದ್ದಳು. ಐದನೇ ಕ್ಲಾಸಿನ ಪಾಠ ಒಳಗೆ, ಅವಳು ಹೊರಗೆ. ಅವಳು ಮಾಡಿದ ತಪ್ಪು ಇಷ್ಟೇ: ಹಾಕಿಕೊಂಡಿದ್ದ ಪಿನಾಫೋರ್ ಟೆರಿಕಾಟಿನದಲ್ಲ, ಹತ್ತಿಯದು.

ಇದು ಎಂಬತ್ತರ ದಶಕದ ನಡುವಿನ ಮಾತು. ನಾವು ಮುಂಬಯಿಯ ಭಾಂಡುಪಿನಲ್ಲಿ, ಒಂದು ಕೋಣೆ ಮತ್ತು ಅಡುಗೆಮನೆಯ ಬಿಡಾರದಲ್ಲಿದ್ದೆವು. ಯಜಮಾನರಿಗೆ ಅಲ್ಲೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನಾನು ಮೈಸೂರಿನ ಕಡೆಯವಳು. ನಮ್ಮೂರಿನ ಬಿಸಿಲು ಸುಡುತ್ತದೆ ನಿಜ, ಆದರೆ ನೆರಳಿಗೆ ಬಂದರೆ ಕೈ ಬಿಡುತ್ತದೆ. ಮುಂಬಯಿಯದು ನೆರಳಿಗೂ ಹಿಂದೆಯೇ ಬರುತ್ತದೆ, ಅಡುಗೆಮನೆಗೂ ಬರುತ್ತದೆ. ಬೆವರು ಬರುತ್ತದೆ, ಆರುವುದಿಲ್ಲ. ಮದುವೆಯಲ್ಲಿ ನನಗೆ ಕೊಟ್ಟಿದ್ದು ನಾಲ್ಕು ನೈಲಾನ್ ಸೀರೆ. ಆಗ ಅದೇ ದೊಡ್ಡಸ್ತಿಕೆ. ಹತ್ತಿ ಸೀರೆ ಮನೆಯೊಳಗೆ ಉಡುವುದಕ್ಕೆ. ಮೊದಲನೇ ಮೇ ತಿಂಗಳಲ್ಲೇ ಆ ನಾಲ್ಕನ್ನೂ ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಬುಟ್ಟಿಗೆ ಹಾಕಿ ಒಂದು ಸ್ಟೀಲ್ ಡಬ್ಬ ತೆಗೆದುಕೊಂಡೆ. ಅವಳು ನೈಲಾನನ್ನು ಕಣ್ಣಿಗೊತ್ತಿಕೊಂಡಳು. ನಾನು ಡಬ್ಬವನ್ನು ಒತ್ತಿಕೊಂಡೆ. ಯಜಮಾನರು ಮಾತ್ರ ವಾರವೆಲ್ಲ ಮುಖ ಊದಿಸಿಕೊಂಡಿದ್ದರು.

ನನಗಾಗಿ ಅಷ್ಟು ಬೇಗ ಮಾಡಿದ್ದನ್ನು ಮಗಳಿಗಾಗಿ ಮಾಡುವುದಕ್ಕೆ ಎಷ್ಟು ವರ್ಷ ತೆಗೆದುಕೊಂಡೆ ಎಂದು ಈಗಲೂ ನಾಚಿಕೆಯಾಗುತ್ತದೆ. ಸ್ಕೂಲಿನ ರೂಲು ಎಂದರೆ ರೂಲು ಅಂದುಕೊಂಡಿದ್ದೆ. ಕಡುನೀಲಿ ಟೆರಿಕಾಟ್ ಪಿನಾಫೋರ್, ಅದಕ್ಕೆ ಅದೇ ಬಟ್ಟೆಯ ಬಿಗಿ ಬೆಲ್ಟು. ಒಗೆದರೆ ಅರ್ಧ ಗಂಟೆಯಲ್ಲಿ ಒಣಗುವುದು, ಇಸ್ತ್ರಿಯೂ ಬೇಡ, ಎಲ್ಲ ತಾಯಂದಿರಿಗೂ ಸುಖ. ಮಗಳ ಸೊಂಟದ ಸುತ್ತ, ಕತ್ತಿನ ಹಿಂದೆ, ಕಂಕುಳಲ್ಲಿ ಬೆವರುಸಾಲೆ ಎದ್ದು ಕೆರೆದು ಕೆರೆದು ರಕ್ತ ಬರುವಾಗ ಗಂಧ ತೇಯ್ದು ಹಚ್ಚುತ್ತಿದ್ದೆ, ಪೌಡರು ಚೆಲ್ಲುತ್ತಿದ್ದೆ. ಬೆಳಿಗ್ಗೆ ಎದ್ದು ಅದೇ ಪಿನಾಫೋರನ್ನು ತಲೆಯ ಮೇಲಿಂದ ಇಳಿಸುತ್ತಿದ್ದೆ.

ಕಣ್ಣು ತೆರೆಸಿದ್ದು ನನ್ನ ಹರಕು ಮರಾಠಿ. ಸೆಪ್ಟೆಂಬರ್ ಕೊನೆಯಲ್ಲಿ ಮಗಳಿಗೆ ಇನ್ನೊಂದು ಪಿನಾಫೋರ್ ಬೇಕಾಗಿ ಸ್ಟೇಷನ್ ಹತ್ತಿರದ ಬಟ್ಟೆ ಅಂಗಡಿಗೆ ಹೋದೆ. ಟೆರಿಕಾಟಿನ ಥಾನು ತೋರಿಸಿ ಇಷ್ಟು ಮೀಟರು ಎಂದೆ. ಲೋಕಲ್ ಬಂದು ಜನ ಇಳಿದು ಅಂಗಡಿ ತುಂಬಿತು. ಅಂಗಡಿಯವನು ನನ್ನನ್ನು ಬಿಟ್ಟು ನಾಲ್ವರನ್ನು ನೋಡಿದ. ನನಗೆ ಮನೆಯಲ್ಲಿ ಒಲೆಯ ಚಿಂತೆ. ಬೇಗ ಸುತ್ತಿ ಕೊಡಪ್ಪಾ ಎನ್ನುವುದಕ್ಕೆ ಮರಾಠಿಯೂ ಬರಲಿಲ್ಲ, ಹಿಂದಿಯೂ ಹೊಳೆಯಲಿಲ್ಲ. ಗಾಳಿಯಲ್ಲಿ ಬೆರಳು ತಿರುಗಿಸುತ್ತ ಕೂಗಿದೆ:

"ಭೈಯಾ, ಸುತ್ತಿ! ಸುತ್ತಿ!"

"ಸುತೀ?" ಅವನು ನನ್ನನ್ನೇ ನೋಡಿದ. "ನಕ್ಕೀ ಸುತೀ?" ಖಂಡಿತವಾ ಎಂದು ಕೇಳಿದ ಹಾಗಿತ್ತು.

"ಹಾಂ, ಹಾಂ, ಸುತ್ತಿ. ಅಚ್ಛಾ ಸುತ್ತಿ!"

ಅವನು ಥಾನನ್ನು ಮಡಿಚಿಟ್ಟು ಒಳಗೆ ಹೋದ. ದಾರ ತರುವುದಕ್ಕೆ ಹೋದ ಅಂದುಕೊಂಡೆ. ಪೇಪರಿನಲ್ಲಿ ಚೆನ್ನಾಗಿ ಸುತ್ತಿದ ಪೊಟ್ಟಣವನ್ನೇ ತಂದುಕೊಟ್ಟ. ನನ್ನ ಮಾತು ಅರ್ಥವಾಯಿತಲ್ಲ ಎಂದು ಹೆಮ್ಮೆಯಿಂದ ಮನೆಗೆ ಬಂದೆ.

ಪಕ್ಕದ ಮನೆಯ ವಹಿನಿ ಪೊಟ್ಟಣ ಬಿಚ್ಚಿ ನೋಡಿದರು. ವಹಿನಿ ಎಂದರೆ ಅತ್ತಿಗೆ; ಮಹಡಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, "ಅಗ, ಹೇ ತರ್ ಸುತೀ ಆಹೆ!" ಎಂದರು. ಇದು ಹತ್ತಿಯದಲ್ಲವೇ! ನಾನು ಅಂಗಡಿಯಲ್ಲಿ ಆಡಿದ್ದನ್ನು ಹೇಳಿದ ಮೇಲೆ ಅವರು ಬಾಗಿಲ ಚೌಕಟ್ಟು ಹಿಡಿದು ನಕ್ಕರು. ನನ್ನ ಬಾಯಲ್ಲಿ ಅದು ಪೊಟ್ಟಣ ಸುತ್ತುವುದು, ಅವನ ಕಿವಿಯಲ್ಲಿ ಅದು ನೂಲಿನ ಬಟ್ಟೆ. ನಾಲ್ಕು ದಿನ ಮೆಟ್ಟಿಲಲ್ಲಿ ಸಿಕ್ಕ ಹೆಂಗಸರೆಲ್ಲ ನನಗೆ ಬೆರಳು ತಿರುಗಿಸಿ ತೋರಿಸಿದರು.

ಕತ್ತರಿಸಿದ ಬಟ್ಟೆ ವಾಪಸ್ ಇಲ್ಲ. ಬಣ್ಣ ಅದೇ ಕಡುನೀಲಿ. ಹೊಲಿದೆ. ಅಕ್ಟೋಬರಿನ ಉರಿ ಶುರುವಾಗಿತ್ತು. ಒಂದು ದಿನ ಟೆರಿಕಾಟು, ಒಂದು ದಿನ ಹತ್ತಿ ಹಾಕಿ ಕಳಿಸಿದೆ. ಬಣ್ಣ ಒಂದೇ ಆದ್ದರಿಂದ ಆಗ ಸ್ಕೂಲಿನಲ್ಲಿ ಯಾರೂ ಗಮನಿಸಲಿಲ್ಲ. ಗ್ಯಾಸ್ ಸಿಲಿಂಡರ್ ಹಾಕಿದ ತಾರೀಖು ಬರೆಯುವ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕತೊಡಗಿದೆ. ಮಗಳು ಸಂಜೆ ಕೆರೆದುಕೊಂಡರೆ ಗೀಟು, ಇಲ್ಲದಿದ್ದರೆ ಸೊನ್ನೆ. ಎರಡು ವಾರ ಗೀಟು, ಸೊನ್ನೆ, ಗೀಟು, ಸೊನ್ನೆ. ಓದು ಬಾರದವರಿಗೂ ಅರ್ಥವಾಗುವ ಹಾಗಿತ್ತು.

ವಹಿನಿಯ ಗಂಡ ಪರೇಲಿನ ಒಂದು ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಲ್ಲುವವರು. ಅವರನ್ನು ನಾನು ಭಾವೂಜಿ ಎನ್ನುತ್ತಿದ್ದೆ. ಕ್ಯಾಲೆಂಡರ್ ತೋರಿಸಿದಾಗ ಅವರು ನಗಲಿಲ್ಲ. ಎರಡೂ ಪಿನಾಫೋರುಗಳ ಅಂಚಿನಿಂದ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿದರು. ಹತ್ತಿಯ ಎಳೆ ಕಾಗದದ ವಾಸನೆ ಬಿಟ್ಟು ಬೂದಿಯಾಯಿತು. ಟೆರಿಕಾಟಿನದು ಕರಗಿ ತುದಿಯಲ್ಲಿ ಕರಿಮಣಿಯಂಥ ಗಟ್ಟಿ ಚುಕ್ಕೆ ನಿಂತಿತು.

"ನೋಡಿ, ಇದರಲ್ಲಿ ಮುಕ್ಕಾಲು ಪ್ಲಾಸ್ಟಿಕ್. ಮಗೂನ ಪ್ಲಾಸ್ಟಿಕ್ ಥೈಲೀಲಿ ಹಾಕಿ ಸ್ಕೂಲಿಗೆ ಕಳಿಸ್ತಾ ಇದ್ದೀರಿ," ಎಂದರು ಹಿಂದಿಯಲ್ಲಿ.

"ದಿನವೆಲ್ಲ ನೇಯೋದು ಇದನ್ನೇ," ಎಂದರು ವಹಿನಿ. "ಮನೆಗೆ ಬಂದ್ರೆ ಮಾತ್ರ ತೆಳು ಹತ್ತಿ ಮಲ್ ಬಟ್ಟೆ ಬನಿಯನ್ನೇ ಆಗಬೇಕು ಮಹಾರಾಜರಿಗೆ."

"ನೇಯೋದು ಹೊಟ್ಟೆಗೆ. ಹಾಕ್ಕೊಳ್ಳೋದು ಮೈಗೆ. ಎರಡೂ ಬೇರೆ ಬೇರೆ."

ಬಟ್ಟೆ ನೋಡುವುದನ್ನು ನನಗೆ ಕಲಿಸಿದವರು ಅವರು. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಸಣ್ಣಗೆ ಬೆಳಕು ಕಾಣಬೇಕು. ಗಾಳಿ ಬರುವ ದಾರಿ ಅದೇ. ಒಂದು ಹನಿ ನೀರು ಹಾಕಿದರೆ ಕುಡಿದು ಹರಡಿಕೊಳ್ಳಬೇಕು, ಮುತ್ತಿನ ಹಾಗೆ ಕೂತರೆ ಬೇಡ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಸುಕ್ಕಾಗಬೇಕು. "ಸುಕ್ಕಾಗದ ಬಟ್ಟೆ ನಂಬಬೇಡಿ," ಎನ್ನುತ್ತಿದ್ದರು. ನಾನು ಇನ್ನೊಂದು ಹತ್ತಿ ಪಿನಾಫೋರ್ ಹೊಲಿದೆ. ತೋಳಿನ ಕಂಡಿ ಎರಡು ಬೆರಳು ಅಗಲ ಮಾಡಿದೆ, ಬೆಲ್ಟಿನ ಒಳಗಿನ ಗಟ್ಟಿ ಪಟ್ಟಿ ತೆಗೆದೆ. ಹಳೆಯ ಟೆರಿಕಾಟನ್ನು ತರಕಾರಿ ಚೀಲ ಮಾಡಿದೆ. ಆಲೂಗಡ್ಡೆಗೆ ಬೆವರುಸಾಲೆ ಏಳುವುದಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಮಗಳು ಎರಡು ಹತ್ತಿ ಪಿನಾಫೋರನ್ನೇ ಸರದಿಯಂತೆ ಹಾಕಿಕೊಂಡು ಹೋದಳು. ಗಾಳಿ ಇನ್ನೂ ತಣ್ಣಗಾಗಿರಲಿಲ್ಲ. ಬುಧವಾರ ಸಂಜೆ ಅವಳ ಬುಕ್ಕು ತೆಗೆದು ನೋಡಿದೆ. ಸೋಮವಾರದಿಂದ ಒಂದಕ್ಷರ ಬರೆದಿರಲಿಲ್ಲ.

"ಏನೇ ಪುಟ್ಟೀ ಇದು? ಪಾಠ ಆಗಲಿಲ್ವಾ?"

"ಹುವಾ, ಆಯ್ತು. ಮೈಂ ಬಾಹರ್ ಕೂತಿದ್ದೆ. ಟೀಚರ್ ಬೋಲೀ, ಯೂನಿಫಾರಂ ರಾಂಗ್ ಇದೆ ಅಂತ. ಡೈರೀಲಿ ನೋಟ್ ಹಾಕಿದ್ರು."

"ಡೈರಿ ಯಾಕೇ ತೋರಿಸಲಿಲ್ಲ ನಂಗೆ?"

ಅವಳು ಬುಕ್ಕನ್ನು ಚೀಲಕ್ಕೆ ತುರುಕಿದಳು. "ತೋರಿಸಿದ್ರೆ ನೀನು ಫಿರ್ ಸೆ ವೋ ಖುಜಲೀವಾಲಾ ಹಾಕಿಸ್ತೀಯ."

ಕೆರೆತದ ಬಟ್ಟೆಗಿಂತ ಹೊರಗಿನ ಬೆಂಚೇ ವಾಸಿ ಎಂದು ಹತ್ತು ವರ್ಷದ ಮಗು ಒಬ್ಬಳೇ ಲೆಕ್ಕ ಹಾಕಿ, ಮೂರು ದಿನ ಕೂತು ಬಂದಿದ್ದಳು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು.

ಡೈರಿಯಲ್ಲಿ ಬರೆದಿತ್ತು: ಟೆರಿಕಾಟೇ ಹಾಕಬೇಕು, ಚರ್ಮದ ಕಾಯಿಲೆ ಇದ್ದರೆ ಡಾಕ್ಟರ ಸರ್ಟಿಫಿಕೇಟ್ ತರಬೇಕು, ಅಲ್ಲಿಯವರೆಗೆ ಕ್ಲಾಸಿಗೆ ಸೇರಿಸುವುದಿಲ್ಲ.

ಯಜಮಾನರು ಓದಿ ನಿಟ್ಟುಸಿರು ಬಿಟ್ಟರು. "ಅಷ್ಟೇ ತಾನೇ? ನಾಳೆ ಡಾಕ್ಟರ ಹತ್ರ ಒಂದು ಚೀಟಿ ಬರೆಸ್ಕೊಂಡು ಬಾರೇ. ಮುಗೀತು."

"ಬೆವರೋದಕ್ಕೆ ಚೀಟಿ ಬೇಕೇನ್ರೀ?"

"ಚೀಟಿ ಕೊಟ್ರೆ ಮಗು ಒಳಗೆ ಕೂರುತ್ತೆ. ನಿನ್ನ ಹಟದಿಂದ ಹೊರಗೆ ಕೂತಿದೆ."

"ಅವಳಿಗೆ ಕಾಯಿಲೆ ಇಲ್ಲ. ಸೆಕೆ ಇರೋದು ಊರಿಗೆ. ಕಾಯಿಲೆ ಅಂತ ಬರೆಸ್ಕೊಂಡು ಬಂದ್ರೆ ನಾಳೆ ಯಾವ ಹುಡುಗಿ ಇವಳ ಪಕ್ಕ ಕೂರ್ತಾಳೆ? ಯಾರು ಇವಳ ಡಬ್ಬಿ ಮುಟ್ತಾರೆ?"

"ಸರಿ, ನಾಳೆ ಏನು ಮಾಡ್ತೀಯ?"

"ನಾನೂ ಹೋಗಿ ಕೂರ್ತೀನಿ."

ಹಾಗೆ ಆ ಗುರುವಾರ ನಾನು ಬೆಂಚಿನ ಮೇಲಿದ್ದೆ. ಮಗಳಿಗೆ ಇತಿಹಾಸದ ಪಾಠ ಜೋರಾಗಿ ಓದು ಎಂದೆ. ನಾನು ಕಾಜ ಹೊಲಿಯುತ್ತ ಕೂತೆ. ಸ್ಕೂಲಿನ ಆಯಾ ಮಾವಶಿ ಎರಡು ಸಲ ಸುಮ್ಮನೆ ಹಾದು ಹೋದಳು. ಮೂರನೆಯ ಸಲ ನಿಂತು, ಪಿನಾಫೋರಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಮಊ ಆಹೆ," ಮೆತ್ತಗಿದೆ ಎಂದು ತನಗೇ ಹೇಳಿಕೊಂಡಳು. ಚಿಕ್ಕ ರಜೆಯ ಗಂಟೆ ಹೊಡೆದು ಮಕ್ಕಳು ಸುತ್ತುಗಟ್ಟಿದರು. "ಆಂಟಿ, ನಿಮಗೂ ಪನಿಷ್‌ಮೆಂಟಾ?" ಎಂದು ಒಬ್ಬಳು ಕೇಳಿದಳು. ಹೌದು ಎಂದೆ. ಮಕ್ಕಳೆಲ್ಲ ನಕ್ಕರು. ಆ ನಗುವಿಗೆ ಹೆಡ್‌ಮಿಸ್ಟ್ರೆಸ್ ಹೊರಗೆ ಬಂದು ನಮ್ಮಿಬ್ಬರನ್ನೂ ಒಳಗೆ ಕರೆದರು.

ಐವತ್ತು ದಾಟಿದವರು, ಗಟ್ಟಿ ಹೆಂಗಸು. ಮಾತು ಇಂಗ್ಲಿಷಿನಲ್ಲಿ ಶುರುವಾಗಿ ನನಗಾಗಿ ಹಿಂದಿಗೆ ಇಳಿಯಿತು. ಯೂನಿಫಾರಂ ಎಂದರೆ ಎಲ್ಲರೂ ಒಂದೇ ಥರ ಕಾಣಬೇಕು. ಹತ್ತಿ ಮಧ್ಯಾಹ್ನದ ಹೊತ್ತಿಗೆ ಹಾಸಿಗೆಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ. ಟೆರಿಕಾಟಿನಲ್ಲಿ ಇವಳಿಗೆ ಬೆವರುಸಾಲೆ ಏಳುತ್ತದೆ ಎಂದೆ.

"ಡೈರೀಲಿ ಬರೆದಿದ್ದೀವಲ್ಲ. ಸರ್ಟಿಫಿಕೇಟ್ ತಂದಿದ್ದೀರಾ?"

"ಇಲ್ಲ ಮೇಡಂ. ಅವಳಿಗೆ ಕಾಯಿಲೆ ಇಲ್ಲ."

"ಮತ್ತೆ ರ್‍ಯಾಷ್ ಅಂತೀರಿ? ಎಲ್ಲಿ, ತೋರಿಸು ಬೇಟಾ."

ಮಗಳು ನನ್ನ ಸೆರಗು ಹಿಡಿದಳು. ನಾನು ಅವಳನ್ನು ಹಿಂದಕ್ಕೆ ಸರಿಸಿದೆ. "ತೋರಿಸೋದಿಲ್ಲ ಮೇಡಂ. ಆಫೀಸಿನಲ್ಲಿ ನಿಲ್ಲಿಸಿ ಬೆನ್ನು ನೋಡೋದಕ್ಕೆ ಅವಳು ಸಂತೆಗೆ ಬಂದ ದನ ಅಲ್ಲ."

ಅಷ್ಟು ಹೊತ್ತಿಗೆ ನನ್ನ ಕಣ್ಣು ಅವರ ಸೀರೆಯ ಮೇಲೆ ನಿಂತಿತ್ತು. ಬೂದುಬಣ್ಣದ ಮಗ್ಗದ ಸೀರೆ, ಕೆಂಪಂಚು, ಹದವಾಗಿ ಗಂಜಿ ಹಾಕಿದ್ದು. ನೆರಿಗೆಯ ಮೊಣಕಾಲಿನ ಹತ್ತಿರ ಕೂತು ಎದ್ದ ಸುಕ್ಕು. ಭಾವೂಜಿ ನೋಡಿದ್ದರೆ ಕಣ್ಣು ಮುಚ್ಚಿ ನಂಬುತ್ತಿದ್ದರು.

"ಮೇಡಂ, ನೀವು ಉಟ್ಟಿರೋದು ಅಸಲಿ ಸುತೀ. ಬಹಳ ಚೆನ್ನಾಗಿದೆ. ನಿಮಗೆ ಯಾವ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು?"

ಬಾಗಿಲ ಹತ್ತಿರ ಮಾವಶಿ ಕೆಮ್ಮಿದಳು. ಅದು ಕೆಮ್ಮಲ್ಲ. ಹೆಡ್‌ಮಿಸ್ಟ್ರೆಸ್ ತಮ್ಮ ಸೆರಗನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಫ್ಯಾನು ಅವರ ತಲೆಯ ಮೇಲೆ ಮಾತ್ರ ತಿರುಗುತ್ತಿತ್ತು. ನನ್ನ ಮಗಳ ಹೆಸರು ಇವತ್ತಿಗೆ ರಿಜಿಸ್ಟರಿನಿಂದ ಹೋಯಿತು ಎಂದೇ ಅಂದುಕೊಂಡೆ. ಆದರೂ ಮಾತನ್ನು ವಾಪಸ್ ತೆಗೆದುಕೊಳ್ಳುವ ಮನಸ್ಸಿರಲಿಲ್ಲ.

"ಮಡಿಕೆ ನೆಟ್ಟಗಿರಬೇಕು," ಎಂದರು ಕೊನೆಗೆ. "ದಿನಾ ಅಸೆಂಬ್ಲೀಲಿ ನಾನೇ ನೋಡ್ತೀನಿ. ಒಂದು ದಿನ ಸುಕ್ಕಾಗಿದ್ರೂ ಮನೆಗೆ ಕಳಿಸ್ತೀನಿ."

"ಬೆಳಿಗ್ಗೆ ಬೇಕಾದಷ್ಟು ನೋಡಿ ಮೇಡಂ. ಮಧ್ಯಾಹ್ನ ನೋಡಬೇಡಿ. ಕೂತು, ಓಡಿ, ಆಡಿದ ಮಗೂನ ಬಟ್ಟೆ ಸುಕ್ಕಾಗೇ ಆಗುತ್ತೆ."

ಅವರು ಮಗಳಿಗೆ ಬೆರಳಲ್ಲಿ ಕ್ಲಾಸಿನ ದಾರಿ ತೋರಿಸಿದರು. ಅವಳು ಚೀಲ ಎತ್ತಿಕೊಂಡು ಓಡಿದಳು. ಓಡಬೇಡ ಎಂದು ಯಾರೂ ಹೇಳಲಿಲ್ಲ.

ರೂಲು ಬದಲಾಗಲಿಲ್ಲ. ನೋಟೀಸಿನಲ್ಲಿ ಟೆರಿಕಾಟ್ ಎಂದೇ ಇತ್ತು. ನಾನು ಐದು ವರ್ಷ, ವಾರಕ್ಕೆ ಆರು ದಿನ, ಹನ್ನೆರಡು ಮಡಿಕೆ ಇಸ್ತ್ರಿ ಮಾಡಿದೆ. ಕರೆಂಟು ಹೋದ ದಿನ ವಹಿನಿಯ ಮನೆಯ ಇದ್ದಿಲ ಇಸ್ತ್ರಿಪೆಟ್ಟಿಗೆ ತಂದು ಮಾಡಿದೆ. ಒಂದು ದಿನವೂ ಅವಳನ್ನು ಮನೆಗೆ ಕಳಿಸುವ ಅವಕಾಶ ಕೊಡಲಿಲ್ಲ. ಇನ್ನು ಕೆಲವು ತಾಯಂದಿರು ಬಂದು ಬಟ್ಟೆ ಎಲ್ಲಿ ಸಿಕ್ಕಿತು ಎಂದು ಪಿಸುಗುಟ್ಟಿ ಕೇಳಿದರು. ನಾನು ಪಿಸುಗುಟ್ಟಲಿಲ್ಲ, ಜೋರಾಗಿಯೇ ಹೇಳಿದೆ. ಇಬ್ಬರು ಹೊಲಿಸಿದರು, ಉಳಿದವರಿಗೆ ಇಸ್ತ್ರಿಯ ಭಯ. ಅವರನ್ನು ನಾನು ಬೈಯುವುದಿಲ್ಲ. ಬೆಳಿಗ್ಗೆ ಐದೂವರೆಗೆ ಇಸ್ತ್ರಿ ಹಿಡಿದವರಿಗೇ ಆ ಭಯ ಗೊತ್ತು.

ಆ ಗುರುವಾರ ಸಂಜೆ ಯಜಮಾನರು ಬೆನ್ನಿಗಂಟಿದ ಟೆರಿಲಿನ್ ಶರಟು ಬಿಚ್ಚುತ್ತ, "ಹೆಡ್‌ಮಿಸ್ಟ್ರೆಸ್‌ಗೇ ಸರ್ಟಿಫಿಕೇಟ್ ಕೇಳಿದೆಯಂತೆ? ಮೆಟ್ಟಿಲ ತುಂಬ ಅದೇ ಮಾತು," ಎಂದರು. "ಇನ್ನು ನನ್ನ ಶರಟಿನ ಸರದಿಯೋ?"

"ನಿಮ್ಮ ಬೆನ್ನು ನಿಮ್ಮದು. ದೊಡ್ಡವರು, ಬೇಕಾದ್ದು ಹಾಕ್ಕೊಳ್ಳಿ. ಅವಳಿಗೆ ಹೇಳೋದಕ್ಕೆ ಬಾಯಿರಲಿಲ್ಲ."

ಅವರು ಟೆರಿಲಿನ್ ಬಿಡಲಿಲ್ಲ, ರಿಟೈರ್ ಆಗುವವರೆಗೂ.

ರಾತ್ರಿ ಅನ್ನ, ಟೊಮೇಟೊ ಸಾರು, ವಹಿನಿ ಕಳಿಸಿದ ಪಿಠಲೆ ಎಂಬ ಕಡಲೆಹಿಟ್ಟಿನ ಪಲ್ಯ, ಕೊನೆಗೆ ಮಜ್ಜಿಗೆ. ಮಗಳು ಎರಡು ಸಲ ಪಲ್ಯ ಹಾಕಿಸಿಕೊಂಡಳು. ಹಾಸಿಗೆ ಹಾಸಿದ ಮೇಲೆ ಮೂರು ದಿನದ ಪಾಠ ಯಾರ ಬುಕ್ಕು ನೋಡಿ ಬರೆದೆ, ಯಾರು ಯಾರ ಪಕ್ಕ ಕೂತರು ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳತೊಡಗಿದಳು. ಎಷ್ಟೋ ತಿಂಗಳು ಅವಳು ಕೆರೆದುಕೊಳ್ಳುವ ಉಗುರಿನ ಸದ್ದು ನಿಲ್ಲುವವರೆಗೆ ನಾನು ಕಣ್ಣು ಮುಚ್ಚಿದವಳಲ್ಲ. ಅಂದು ಅವಳು ಗಣಿತದ ಪಾಠಕ್ಕೆ ಬರುವ ಹೊತ್ತಿಗೆ ನನಗೇ ಮೊದಲು ನಿದ್ದೆ ಬಂತು.